ಜಾನ್ ಹಂಟರನೂ ದವಡೆಯ ಗಾಯವೂ

ನಮ್ಮ ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ದಂತವೈದ್ಯರ ಫಲಕವು ಕಣ್ಣಿಗೆ ಬೀಳದ ಮುಖ್ಯರಸ್ತೆಯೇ ವಿರಳವೆನ್ನಬಹುದು. ಬಿದ್ದುಹೋದ ಹಲ್ಲಿನ ಸ್ಥಾನದಲ್ಲಿ ಟೈಟೇನಿಯಮ್ ಲೋಹದ ತಿರುಪನ್ನು ದವಡೆಯ ಮೂಳೆಯೊಳಗೆ ನಾಟಿ, ಅದರ ಮೇಲೆ ಕೃತಕದಂತವನ್ನು ನಿಲ್ಲಿಸುವ ಇಂಪ್ಲಾಂಟ್ ಚಿಕಿತ್ಸೆಯು ಈಗ ಸಾಮಾನ್ಯವಾಗಿರುತ್ತದೆ. ಆದರೆ ಶಸ್ತ್ರಕ್ರಿಯೆ ಮುಗಿಸಿಕೊಂಡು ಮನೆಗೆ ಬಂದವರು ಬಾಯಲ್ಲಿ ರಕ್ತವನ್ನು ಕಂಡೊಡನೆ ಗಾಬರಿಗೊಂಡು, ಮೇಲಿಂದ ಮೇಲೆ ಉಗುಳಿ, ಬಾಯಿ ಮುಕ್ಕಳಿಸಿ, ನಿಲ್ಲಬೇಕಾದ ರಕ್ತವನ್ನು ತಾವೇ ಹರಿಯಗೊಡುವುದುಂಟು. ರಕ್ತವು ಗಾಯದಿಂದ ಹರಿದುಹೋಗುವ ವಸ್ತು ಮಾತ್ರವಲ್ಲ, ಗಾಯವನ್ನು ಕಟ್ಟುವ ಶಕ್ತಿಯೂ ಹೌದೆಂಬುದನ್ನು ಲೋಕಕ್ಕೆ ತಿಳಿಸಲು ಶ್ರಮಿಸಿದವರಲ್ಲಿ ಜಾನ್ ಹಂಟರನು ಅಗ್ರಗಣ್ಯನು. ಅವನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಹಂಟರನು 1728ರಲ್ಲಿ ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡಿನ ಸಮೀಪದ ಒಂದು ಒಕ್ಕಲುಮನೆಯಲ್ಲಿ, ಹತ್ತು ಮಂದಿ ಮಕ್ಕಳಲ್ಲಿ ಕಡೆಯವನಾಗಿ ಜನಿಸಿದನು. ಶಾಲೆಯ ಪಾಠ ಅವನಿಗೆ ರುಚಿಸಲಿಲ್ಲ. ಹಕ್ಕಿ, ಹುಳು, ಗಿಡಮರಗಳಲ್ಲಿಯೇ ಅವನ ಮನಸ್ಸು ನೆಟ್ಟಿತ್ತು. 1748ರಲ್ಲಿ ಅವನು ಲಂಡನ್ನಿಗೆ ಬಂದು, ಅಣ್ಣನಾದ ವಿಲಿಯಮ್ ಹಂಟರನು ನಡೆಸುತ್ತಿದ್ದ ಅಂಗರಚನಾಶಾಸ್ತ್ರದ ಪಾಠಶಾಲೆಯಲ್ಲಿ ಸಹಾಯಕನಾದನು. ಶವಚ್ಛೇದನದಲ್ಲಿ ಅವನ ಕೈ ಪಳಗಿದುದು ಅಲ್ಲಿಯೇ. ಗ್ರಂಥದ ಮಾತಿಗಿಂತ ಕಣ್ಣಾರೆ ಕಂಡುದನ್ನೇ ನಂಬಬೇಕೆಂಬ ಅವನ ಸ್ವಭಾವವು ದೃಢವಾದುದೂ ಅಲ್ಲಿಯೇ.

ಸೈನ್ಯದ ಶಸ್ತ್ರವೈದ್ಯನಾಗಿ ಅವನು 1761ರಲ್ಲಿ ಫ್ರಾನ್ಸಿನ ಬೆಲ್ ಈಲ್ ದ್ವೀಪದ ಯುದ್ಧಕ್ಕೆ ಹೋದನು. ಗುಂಡು ತಗಲಿದ ಗಾಯವನ್ನು ಇನ್ನಷ್ಟು ಕೊಯ್ದು ಅಗಲಮಾಡಿ ಗುಂಡನ್ನು ಹುಡುಕುವುದು ಅಂದಿನ ಪದ್ಧತಿ. ಆದರೆ ಗಾಯಗೊಂಡು ಅಡಗಿಕೊಂಡು, ಯಾವ ವೈದ್ಯನ ಕೈಗೂ ಸಿಗದೆ ಇದ್ದ ಕೆಲವರು ಫ್ರೆಂಚ್ ಸೈನಿಕರು, ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡುದನ್ನು ಹಂಟರನು ಕಂಡನು. ಅನಾವಶ್ಯಕವಾಗಿ ಗಾಯವನ್ನು ಕೆದಕಬಾರದೆಂಬ ಸಿದ್ಧಾಂತವು ಅವನಲ್ಲಿ ಮೂಡಿದುದು ಹೀಗೆ.

ಲಂಡನ್ನಿಗೆ ಮರಳಿದ ಮೇಲೆ ಅವನು ದಂತಚಿಕಿತ್ಸಕರೊಡನೆ ಕೆಲಸಮಾಡಿ, ಮಾನವನ ಹಲ್ಲುಗಳನ್ನು ಕುರಿತು 1771ರಲ್ಲಿ ಒಂದು ಗ್ರಂಥವನ್ನೂ, ಅವುಗಳ ರೋಗಗಳನ್ನು ಕುರಿತು 1778ರಲ್ಲಿ ಮತ್ತೊಂದನ್ನೂ ಪ್ರಕಟಿಸಿದನು. ಮನುಷ್ಯನ ಹಲ್ಲೊಂದನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು, ಅದು ಅಲ್ಲಿ ಅಂಟಿಕೊಂಡುದನ್ನು ತೋರಿಸಿದ ಅವನ ಪ್ರಯೋಗವು ಪ್ರಸಿದ್ಧವಾಗಿದೆ. ಒಬ್ಬನ ಬಾಯಿಂದ ಕಿತ್ತ ಹಲ್ಲನ್ನು ಇನ್ನೊಬ್ಬನ ದವಡೆಯಲ್ಲಿ ಕೂರಿಸಬಹುದೆಂದು ಅವನು ಪ್ರತಿಪಾದಿಸಿದನು.

ಇಲ್ಲಿ ಈ ಮಹಾಪುರುಷನ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಅವನ ಕೀರ್ತಿಯ ಬಲದಿಂದ ಈ ಪದ್ಧತಿಯು ಸಿರಿವಂತರಲ್ಲಿ ಹಬ್ಬಿತು; ಬಡವರ ಮಕ್ಕಳು ಹೊಟ್ಟೆಪಾಡಿಗಾಗಿ ತಮ್ಮ ಮುಂದಿನ ಹಲ್ಲುಗಳನ್ನು ಮಾರಿಕೊಂಡರು. ಕೊಂಡವರಿಗಾದರೂ ಸುಖ ದೊರೆಯಲಿಲ್ಲ. ನೆಟ್ಟ ಹಲ್ಲುಗಳು ಬಹುಕಾಲ ನಿಲ್ಲಲಿಲ್ಲ. ಹಲ್ಲಿನೊಡನೆ ರೋಗವೂ ಬಂದುದುಂಟು. ಪರರ ಹಲ್ಲು ಬೇಡವೆಂಬ ಸ್ಥಿತಿಯು ಬರಲು ಬಹುಕಾಲ ಹಿಡಿಯಿತು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿದ್ವಾಂಸನು ಟೈಟೇನಿಯಮ್ ಲೋಹವು ಮೊಲದ ಮೂಳೆಯೊಡನೆ ಬೆಸೆದುಕೊಳ್ಳುವುದನ್ನು ಕಂಡನು. 1965ರಲ್ಲಿ ಅದನ್ನು ಮನುಷ್ಯನ ದವಡೆಯಲ್ಲಿ ನೆಟ್ಟನು. ಈ ಬೆಸುಗೆಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು.

ರಕ್ತ, ಉರಿಯೂತ, ಗುಂಡಿನ ಗಾಯಗಳನ್ನು ಕುರಿತ ಹಂಟರನ ಮಹಾಗ್ರಂಥವು ಅವನು ಕಾಲವಾದ ಮೇಲೆ 1794ರಲ್ಲಿ ಹೊರಬಂದಿತು. ರಕ್ತವು ಸಜೀವವಾದುದೆಂದೂ, ಹೆಪ್ಪುಗಟ್ಟಿ ಸೀಳಿದ ಅಂಗವನ್ನು ಕೂಡಿಸುವುದು ಅದರ ಧರ್ಮವೆಂದೂ ಅವನು ವಾದಿಸಿದನು. ಅವನ ಎಲ್ಲ ವಿವರಣೆಗಳೂ ಉಳಿದಿಲ್ಲವಾದರೂ, ಹೆಪ್ಪೇ ಗಾಯದ ಮೊದಲ ರಕ್ಷೆಯೆಂಬುದು ಇಂದಿಗೂ ಸತ್ಯ.

ದವಡೆಯ ಗಾಯದ ಉಪಚಾರವೆಲ್ಲವೂ ಈ ಹೆಪ್ಪನ್ನು ಕಾಯುವ ಉಪಾಯವೇ. ವೈದ್ಯರು ಇಟ್ಟ ಶುಭ್ರವಾದ ಬಟ್ಟೆಯ ಮಡಿಕೆಯನ್ನು ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಬಾರದು. ಮೊದಲ ದಿನ ಎಂಜಲು ಕೆಂಪಾಗುವುದು ಸಹಜ. ಆ ದಿನ ಉಗುಳುವುದು, ಮುಕ್ಕಳಿಸುವುದು, ಕೊಳವೆಯಿಂದ ಹೀರುವುದು, ಬಿಸಿ ಕಾಫಿ, ಭಾರವೆತ್ತುವುದು, ಇವೆಲ್ಲವೂ ವರ್ಜ್ಯ. ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಬಿಟ್ಟುಬಿಟ್ಟು ಇಡುವುದು, ತಲೆಯನ್ನು ಎತ್ತರಿಸಿ ಮಲಗುವುದು, ಮೊಸರನ್ನ ಅಥವಾ ಆರಿದ ಗಂಜಿ ಉಣ್ಣುವುದು ಹಿತಕರ. ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರನ್ನು ಮೆಲ್ಲನೆ ಬಾಯಲ್ಲಿ ಆಡಿಸಬಹುದು. ಬಾವು ಎರಡು ಮೂರು ದಿನ ಹೆಚ್ಚಿ ಬಳಿಕ ಇಳಿಯುವುದು. ಎಲೆಯಡಿಕೆ, ಹೊಗೆಸೊಪ್ಪು, ಸಿಗರೇಟುಗಳು ಗಾಯಕ್ಕೆ ಶತ್ರುಗಳು.

ಹೃದ್ರೋಗಕ್ಕಾಗಿ ರಕ್ತವನ್ನು ತೆಳುಮಾಡುವ ಮಾತ್ರೆಗಳನ್ನು ಸೇವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಆ ಸಂಗತಿಯನ್ನು ದಂತವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ತಾವಾಗಿಯೇ ಮಾತ್ರೆಯನ್ನು ನಿಲ್ಲಿಸಿದರೆ ಹಲ್ಲಿಗಾಗಿ ಪ್ರಾಣವನ್ನೇ ಪಣವಿಟ್ಟಂತಾಗಬಹುದು. ಮತ್ತೆ ಬಟ್ಟೆ ಕಚ್ಚಿ ಒತ್ತಿದರೂ ರಕ್ತ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ನಾಲಗೆಯ ಕೆಳಗೆ ಬಾವು ಏರಿ ನುಂಗಲು ಅಥವಾ ಉಸಿರಾಡಲು ತೊಡಕಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಸೇರತಕ್ಕದ್ದು.

ದೇವಿಸಿಡುಬಿಗೆ ಲಸಿಕೆಯನ್ನು ಕಂಡುಹಿಡಿದ ಎಡ್ವರ್ಡ್ ಜೆನ್ನರನು ಹಂಟರನ ಶಿಷ್ಯನು. ಆ ಲಸಿಕೆಯು 1802ರಲ್ಲಿ ನಮ್ಮ ದೇಶಕ್ಕೂ ಬಂದಿತು. ಹಂಟರನಿಗಾದರೋ ಕಡೆಗಾಲದಲ್ಲಿ ಹೃದ್ರೋಗವಿತ್ತು. ಕೋಪವು ತನಗೆ ಮೃತ್ಯುವೆಂದು ಅವನು ಬಲ್ಲವನಾಗಿದ್ದನು. ಆದರೂ 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಸಹೋದ್ಯೋಗಿಗಳೊಡನೆ ವಾಗ್ವಾದವುಂಟಾಗಿ, ಉದ್ರೇಕಗೊಂಡು, ಅಲ್ಲಿಯೇ ಕುಸಿದು ಪ್ರಾಣಬಿಟ್ಟನು.

ಗಾಯಕ್ಕೆ ಶಾಂತಿ ಬೇಕೆಂದು ಬೋಧಿಸಿದವನು ತನ್ನ ಹೃದಯಕ್ಕೆ ಆ ಶಾಂತಿಯನ್ನು ಕೊಡಲಾರದೆ ಹೋದನು. ಶಸ್ತ್ರವೈದ್ಯನ ಕೆಲಸವು ಒಂದೆರಡು ಗಂಟೆಗಳಲ್ಲಿ ಮುಗಿಯುವುದು. ಉಳಿದುದು ರೋಗಿಯ ತಾಳ್ಮೆಯ ಕೆಲಸ. ತಿಳಿದವರಿಗೂ ತಾಳ್ಮೆಯು ಸುಲಭವಲ್ಲವೆಂಬುದಕ್ಕೆ ಹಂಟರನ ಮರಣವೇ ಸಾಕ್ಷಿ. ಅವನ ಜ್ಞಾನವನ್ನು ಸ್ವೀಕರಿಸುವ ನಾವು ಅವನ ಆತುರವನ್ನು ಬಿಟ್ಟುಬಿಡುವುದೇ ವಿವೇಕ.