ಒದ್ದೆ ಗೋಡೆಯ ಮೊಸ್ಕೆನಿ

ಶಿರಸಿ ಮಾರಿಕಾಂಬಾ ಗುಡಿಯ ಕಾವಿ ಚಿತ್ರ ಹೆಗಡೆಕಟ್ಟಾದ ನಮಗೆ ಹೊಸದೇನಲ್ಲ. ಬಿಳಿ ಸುಣ್ಣದ ಗಾರೆ, ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದರೆ ಚಿತ್ರ. ಇದೇ ಸುಣ್ಣ ನಂಬಿ ಬೈಬಲ್ ಕಥೆ ಬರೆಯಲು ಇಟಲಿಯಿಂದ ಮಂಗಳೂರಿಗೆ ಬಂದವರು ಆಂಟೋನಿಯೊ ಮೊಸ್ಕೆನಿ.

ಹುಟ್ಟಿದ್ದು 1854ರಲ್ಲಿ, ಬೆರ್ಗಮೊ ಹತ್ತಿರದ ಸ್ಟೆಜ್ಜಾನೊದಲ್ಲಿ. ಕಲಿತದ್ದು ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ. 1889ರಲ್ಲಿ, 35ರ ವಯಸ್ಸಿನಲ್ಲಿ, ಜೆಸ್ವಿಟ್ ಸಭೆ ಸೇರಿದರು. ಪಾದ್ರಿ ಆಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಅಂದ್ರೆ ಕುಂಚ ಎಲ್ಲಿ ಹಿಡಿಯಬೇಕು ಅನ್ನೋದು ಇನ್ನು ಅವರ ಕೈಲಿರಲಿಲ್ಲ. ನಮಗೆ ಬ್ರಾಂಚ್ ಬದಲಾಯಿಸೋಕೇ ಧೈರ್ಯ ಸಾಲಲ್ಲ! 1898ರಲ್ಲಿ ಮಂಗಳೂರಿಗೆ ಬಂದರು.

1899ರಿಂದ 1901ರ ತನಕ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಕಮಾನು, ಚಾವಣಿ ಎಲ್ಲ ತುಂಬಿಸಿದರು. ನಡುವಿನ ಚಾವಣಿಯಲ್ಲಿ ಸಂತ ಅಲೋಶಿಯಸ್‌ನ ಜೀವನ, ಇಳಿಜಾರಿನಲ್ಲಿ ಯೇಸುವಿನ ಶಿಷ್ಯರು, ಹಿಂದಿನ ಗೋಡೆಯಲ್ಲಿ ಮಕ್ಕಳ ನಡುವೆ ಯೇಸು. ಕೆಲವು ಕ್ಯಾನ್ವಾಸ್ ಮೇಲಿನ ಎಣ್ಣೆಬಣ್ಣ, ಉಳಿದದ್ದು ಫ್ರೆಸ್ಕೋ.

ಫ್ರೆಸ್ಕೋ ಅಂದ್ರೆ ಸಿವಿಲ್‌ನವರಿಗೆ ಬೇಗ ಹೊಳೆಯುತ್ತೆ. ಸುಣ್ಣದ ಗಾರೆ ಒದ್ದೆ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತೆ. ಟೈಮ್ ಸಿಗೋದು ಕೆಲವೇ ಗಂಟೆ. ಕೈ ತಪ್ಪಿತೋ, ಅಷ್ಟೂ ಗಾರೆ ಕಿತ್ತು ಮತ್ತೆ ಮೆತ್ತಬೇಕು. ನಮ್ಮ ಹಾಗೆ ಅಂಡೂ ಒತ್ತೋಕಾಗಲ್ಲ. ಅದಕ್ಕೇ ಫ್ರೆಸ್ಕೋದವರ ಹಳೇ ಪದ್ಧತಿಯಲ್ಲಿ ಯೋಚನೆಯೆಲ್ಲ ಕಾಗದದ ಮೇಲೆಯೇ ಮುಗಿಯುತ್ತೆ. ಮೊದಲು ಸಣ್ಣ ರೇಖಾಚಿತ್ರ. ಯಾರ ಕೈ ಎಲ್ಲಿ, ಬೆಳಕು ಯಾವ ಕಡೆಯಿಂದ, ಎಲ್ಲ ಅಲ್ಲೇ ತೀರ್ಮಾನ. ಅದರ ಮೇಲೆ ಚೌಕಳಿ ಎಳೆದು, ಗೋಡೆಯಷ್ಟೇ ದೊಡ್ಡ ಕಾಗದಕ್ಕೆ ಹಿಗ್ಗಿಸೋದು. ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ ಇದ್ದಿಲ ಪುಡಿ ತಟ್ಟಿದರೆ ಗಾರೆ ಮೇಲೆ ಚುಕ್ಕಿ ಮೂಡುತ್ತೆ, ಥೇಟ್ ರಂಗೋಲಿ ಅಚ್ಚಿನ ಹಾಗೆ. ಚುಕ್ಕಿ ಸೇರಿಸಿ ಬಣ್ಣ ಹಚ್ಚಿದ ಮೇಲೆ ಆ ಕಾಗದದ ದುಡಿಮೆ ನೋಡುವವರ ಕಣ್ಣಿಗೆ ಬೀಳೋದೇ ಇಲ್ಲ. ನಮಗೆ ಹೆಚ್ಚು ಇಷ್ಟವಾಗೋದು ಈ ಭಾಗವೇ.

ಆಮೇಲೆ ಕೊಚ್ಚಿಯ ಸಾಂತಾ ಕ್ರೂಜ್ ಚರ್ಚು. ಮಂಗಳೂರಿನ ಶಿಷ್ಯ ಡ ಗಾಮ ಜೊತೆಗಿದ್ದರು. 1905ರ ನವೆಂಬರಿನಲ್ಲಿ, ಆ ಚರ್ಚಿನ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ, ಮೊಸ್ಕೆನಿ ಅಲ್ಲೇ ತೀರಿಕೊಂಡರು. ಆಗ ಅವರಿಗೆ 51 ವರ್ಷ. ಊರಿಗೆ ವಾಪಸ್ ಹೋಗಲೇ ಇಲ್ಲ.

ಮಂಗಳೂರಿನ ಮಳೆ, ಉಪ್ಪುಗಾಳಿ ಅವರ ಗೋಡೆಗಳನ್ನು ಸುಮ್ಮನೆ ಬಿಡಲಿಲ್ಲ. 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯವರು ಚಾಪೆಲ್ ಚಿತ್ರಗಳನ್ನು ದುರಸ್ತಿ ಮಾಡಿದರು.