ಆಕಾಶಕ್ಕೇರಿದ ಆಮಿ ಜಾನ್ಸನ್

ತೋಟಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ಹಿಡಿಕೆ ಹಾಕಿ ತಿರುಗಿಸಿ ಚಾಲೂ ಮಾಡುವುದನ್ನು ನಾವು ಕಂಡಿದ್ದೇವೆ. ಹಿಡಿಕೆ ಹಿಂದಕ್ಕೆ ಒದ್ದರೆ ಕೈ ಮುರಿಯುವುದೂ ಉಂಟು. ಒಂದು ಕಾಲದಲ್ಲಿ ಸಣ್ಣ ವಿಮಾನಗಳನ್ನೂ ಹೀಗೆ ಕೈಯಿಂದಲೇ ಎಬ್ಬಿಸಬೇಕಾಗಿತ್ತು. ಆ ವಿದ್ಯೆಯನ್ನು ಕಲಿತು ಲೋಕಪ್ರಸಿದ್ಧಳಾದ ಹೆಣ್ಣುಮಗಳೊಬ್ಬಳ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಆಮಿ ಜಾನ್ಸನ್ 1903ರ ಜುಲೈ 1ರಂದು ಇಂಗ್ಲೆಂಡಿನ ಹಲ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದಳು. ತಂದೆಯದು ಮೀನಿನ ವ್ಯಾಪಾರ. ಷೆಫೀಲ್ಡ್ ವಿಶ್ವವಿದ್ಯಾಲಯದ ಪದವಿ ಪಡೆದು ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಬಿಡುವಿನ ವೇಳೆಯಲ್ಲಿ ಹಾರಾಟ ಕಲಿತು 1929ರಲ್ಲಿ ಪರವಾನಿಗೆ ಗಳಿಸಿದಳು. ಅಷ್ಟಕ್ಕೇ ತೃಪ್ತಳಾಗದೆ, ಮೆಕ್ಯಾನಿಕರ ಜೊತೆ ಕೈಗೆ ಎಣ್ಣೆ ಮೆತ್ತಿಕೊಂಡು ದುಡಿದು, ಅದೇ ವರ್ಷ ವಿಮಾನ ದುರಸ್ತಿಯ ಎಂಜಿನಿಯರ್ ಪರವಾನಿಗೆಯನ್ನೂ ಪಡೆದಳು. ಬ್ರಿಟನ್ನಿನ ಮಹಿಳೆಯರಲ್ಲಿ ಈಕೆಯೇ ಮೊದಲಿಗಳು. ಆಕೆಯ ಹಾರಾಟಕ್ಕಿಂತಲೂ ಈ ಕಾಗದವೇ ದೊಡ್ಡದೆಂದು ನಮಗೆ ತೋರುತ್ತದೆ.

ತಂದೆ ಮತ್ತು ಲಾರ್ಡ್ ವೇಕ್‌ಫೀಲ್ಡ್ ಎಂಬ ಶ್ರೀಮಂತರ ಹಣದಿಂದ 600 ಪೌಂಡಿಗೆ ಒಂದು ಹಳೆಯ ಜಿಪ್ಸಿ ಮಾತ್ ವಿಮಾನ ಬಂತು. ತಂದೆಯ ಮೀನಿನ ವ್ಯಾಪಾರದ ಗುರುತಾದ ಜೇಸನ್ ಎಂಬುದೇ ಅದರ ಹೆಸರಾಯಿತು. ಅದಕ್ಕೆ ನಾಲ್ಕು ಸಿಲಿಂಡರಿನ, ಸುಮಾರು 100 ಅಶ್ವಶಕ್ತಿಯ ಎಂಜಿನ್. ವಿದ್ಯುತ್ ಸ್ಟಾರ್ಟರ್ ಇಲ್ಲ, ಬ್ರೇಕೂ ಇಲ್ಲ. ಚಾಲೂ ಮಾಡುವಾಗ ಮೊದಲು ಗಾಲಿಗಳಿಗೆ ಅಡ್ಡೆ ಕೊಡಬೇಕು. ಮ್ಯಾಗ್ನೆಟೋ ಸ್ವಿಚ್ಚುಗಳನ್ನು ಆರಿಸಿ, ಪೆಟ್ರೋಲ್ ಬಿಟ್ಟು, ಪ್ರೊಪೆಲ್ಲರನ್ನು ಕೆಲವು ಸುತ್ತು ಮೆಲ್ಲನೆ ತಿರುಗಿಸಿದರೆ ಸಿಲಿಂಡರುಗಳು ಪೆಟ್ರೋಲಿನ ಆವಿ ಹೀರಿಕೊಳ್ಳುತ್ತವೆ. ಬಳಿಕ ಸ್ವಿಚ್ಚು ಹಾಕಿ ಒಮ್ಮೆ ಬಲವಾಗಿ ಬೀಸಿ ಒಡನೆ ಹಿಂದೆ ಸರಿಯಬೇಕು. ಪೆಟ್ರೋಲ್ ಹೆಚ್ಚಾದರೆ ಎಂಜಿನ್ ಏಳದು. ಸ್ವಿಚ್ಚು ಆರಿಸಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲ್ಲರನ್ನು ಹಿಮ್ಮುಖವಾಗಿ ತಿರುಗಿಸಿ ಅದನ್ನು ಹೊರಹಾಕಬೇಕು. ಎಂಜಿನ್ ಎದ್ದ ಮೇಲೂ ಅವಸರ ಸಲ್ಲದು. ಅದು ಬಿಸಿಯಾಗುವವರೆಗೆ ಕಾದು, ಎಣ್ಣೆಯ ಒತ್ತಡ ನೋಡಿ, ಎರಡು ಮ್ಯಾಗ್ನೆಟೋಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

1930ರ ಮೇ 5ರಂದು ಆಕೆ ಒಬ್ಬಳೇ ಕ್ರಾಯ್ಡನ್‌ನಿಂದ ಆಸ್ಟ್ರೇಲಿಯಾಕ್ಕೆ ಹೊರಟಳು. ಆರನೆಯ ದಿನ ಕರಾಚಿ! ಬರ್ಟ್ ಹಿಂಕ್ಲರ್ 1928ರಲ್ಲಿ ಸಾಧಿಸಿದ ಹದಿನೈದೂವರೆ ದಿನಗಳ ದಾಖಲೆಗಿಂತ ಅಲ್ಲಿಗೆ ಎರಡು ದಿನ ಮುಂದಿದ್ದಳು. ಅಲಹಾಬಾದಿಗೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಸಾಲದೆ ಝಾನ್ಸಿಯ ಪೆರೇಡ್ ಮೈದಾನದಲ್ಲಿ ಇಳಿಯಬೇಕಾಯಿತು. ರಂಗೂನ್ ಸಮೀಪದ ಇನ್ಸೀನ್‌ನಲ್ಲಂತೂ ವಿಮಾನ ಗುಂಡಿಗೆ ಉರುಳಿ ಪ್ರೊಪೆಲ್ಲರ್ ಮುರಿಯಿತು, ರೆಕ್ಕೆ ಹರಿಯಿತು. ಅಲ್ಲಿನ ತಾಂತ್ರಿಕ ಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ರಿಪೇರಿಗೆ ನಿಂತರು. ಹೆಚ್ಚಿನ ಪ್ರೊಪೆಲ್ಲರೊಂದನ್ನು ವಿಮಾನಕ್ಕೆ ಕಟ್ಟಿಕೊಂಡೇ ತಂದಿದ್ದಳು, ಜಾಣೆ! ಆದರೂ ದಿನಗಳು ಕಳೆದವು, ದಾಖಲೆ ಕೈತಪ್ಪಿತು. ಮೇ 24ರಂದು ಡಾರ್ವಿನ್ ತಲುಪಿದಳು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿದ ಮೊದಲ ಮಹಿಳೆ ಎಂಬ ಕೀರ್ತಿ ಮಾತ್ರ ಆಕೆಯದೇ ಆಯಿತು.

ಮುಂದೆ ಟೋಕಿಯೋ, ಕೇಪ್‌ಟೌನ್ ಮೊದಲಾದ ದೂರದ ಊರುಗಳಿಗೂ ಹಾರಿದಳು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕೆಲಸ ವಹಿಸಿಕೊಂಡಳು. 1941ರ ಜನವರಿ 5ರಂದು ಕೆಟ್ಟ ಹವೆಯಲ್ಲಿ ದಾರಿ ತಪ್ಪಿ, ಥೇಮ್ಸ್ ನದಿ ಸಮುದ್ರ ಸೇರುವಲ್ಲಿ ಪ್ಯಾರಾಚೂಟಿನಿಂದ ನೀರಿಗೆ ಬಿದ್ದಳು. ರಕ್ಷಿಸಲು ಹಡಗಿನಿಂದ ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರ್ ಕೂಡ ಪ್ರಾಣ ಕಳೆದುಕೊಂಡರು. ಆಗ ಆಕೆಗೆ 37 ವರ್ಷ. ದೇಹ ಸಿಗಲೇ ಇಲ್ಲ. ಜೇಸನ್ ಮಾತ್ರ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.