ಗಡಿಯಾರಗಳ ನವಾಬ ಸಾಲಾರ್ ಜಂಗ್

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡಿಗರು 1948ರವರೆಗೆ ಹೈದರಾಬಾದಿನ ನಿಜಾಮರ ಪ್ರಜೆಗಳಾಗಿದ್ದರು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಅವರ ನೆಲವೂ ಮುಂಬಯಿ ರಾಜ್ಯಕ್ಕೆ ಸೇರಿತು; 1960ರಲ್ಲಿ ಮಹಾರಾಷ್ಟ್ರವಾಯಿತು. ಆ ಹಳೆಯ ಸಂಸ್ಥಾನ ಅಳಿದರೂ ಅದರ ಕಾಲದ ಗಡಿಯಾರಗಳು ಉಳಿದಿವೆ. ಅವನ್ನು ಕೂಡಿಸಿದವರು ಮೂರನೆಯ ಸಾಲಾರ್ ಜಂಗ್, ನವಾಬ ಮೀರ್ ಯೂಸುಫ್ ಅಲಿ ಖಾನರು.

1889ರ ಜೂನ್ 13ರಂದು ಪುಣೆಯಲ್ಲಿ ಹುಟ್ಟಿದ ಅವರು ತಿಂಗಳು ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಅಜ್ಜ ಒಂದನೆಯ ಸಾಲಾರ್ ಜಂಗರು ಮೂವತ್ತು ವರ್ಷ ದಿವಾನಗಿರಿ ನಡೆಸಿದವರು. ಮೊಮ್ಮಗನೂ 1912ರಲ್ಲಿ ಅದೇ ಪದವಿಗೇರಿ, 1914ರಲ್ಲಿ ಬಿಟ್ಟುಕೊಟ್ಟರು. ಮದುವೆಯಾಗಲಿಲ್ಲ. ಮುಂದಿನ ಆಯುಷ್ಯವನ್ನೆಲ್ಲ ಅಪೂರ್ವ ವಸ್ತುಗಳ ಸಂಗ್ರಹಕ್ಕೆ ಸವೆಸಿದರು. ಕನ್ನಡನಾಡಿನ ಕೊಪ್ಪಳವೂ ಅವರ ಮನೆತನದ ಜಹಗೀರಾಗಿತ್ತು. ಆದ್ದರಿಂದ ಕನ್ನಡದ ರೈತನು ತೆತ್ತ ಕಂದಾಯದ ಪಾಲೂ ಆ ಸಂಗ್ರಹದಲ್ಲಿದೆ ಎಂಬುದನ್ನು ಮರೆಯಲಾಗದು.

ಫ್ರಾನ್ಸ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನಿಗಳ ಗಡಿಯಾರಗಳು ಅಲ್ಲಿವೆ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಸಂಸ್ಥೆಯ ಗಡಿಯಾರವಂತೂ ಜನಪ್ರಿಯ. ತಾಸಿಗೊಮ್ಮೆ ಗಡ್ಡದ ಪುಟ್ಟ ಬೊಂಬೆಯೊಂದು ಹೊರಬಂದು ಜಾಗಟೆ ಬಾರಿಸಿ ಒಳಸೇರುತ್ತದೆ. ಅದನ್ನು ನೋಡಲು ಇಂದಿಗೂ ಜನ ಕಾದು ಕುಳಿತಿರುತ್ತಾರೆ.

ಹೊಸದು ಸಿಗುವಾಗ ಹಳೆಯದರ ಮೇಲೇಕೆ ಇಷ್ಟು ಮೋಹ? ಇಂದಿನ ಸಂಗ್ರಾಹಕರು 1950 ಮತ್ತು 60ರ ದಶಕಗಳಲ್ಲಿ ಸಮುದ್ರದಲ್ಲಿ ಮುಳುಗುವವರಿಗೆಂದು ತಯಾರಾದ ಕೈಗಡಿಯಾರಗಳನ್ನು ಅರಸುತ್ತಾರೆ. ಕತ್ತಲಲ್ಲಿ ಬೆಳಗಲೆಂದು ಹಚ್ಚಿದ ರೇಡಿಯಂ, ಟ್ರಿಟಿಯಂ ಲೇಪವು ಬೆಳಕು ಕಳೆದುಕೊಂಡು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಕೆಲವುಗಳ ಕಪ್ಪು ಮುಖ ಬಿಸಿಲಿಗೆ ಕಂದು ಬಣ್ಣ ತಾಳಿರುತ್ತದೆ. ಒಂದು ಮಾಗಿದಂತೆ ಇನ್ನೊಂದು ಮಾಗುವುದಿಲ್ಲ. ಅದನ್ನು ತೆಗೆದು ಹೊಸ ಮುಖ ಕೂರಿಸಿದರೆ ಬೆಲೆ ಇಳಿಯುತ್ತದೆ. ಸಹಜವಾಗಿ ಬಂದ ಹಳೆತನವೇ ಆ ವಸ್ತು ಬಾಳಿದ್ದಕ್ಕೆ ಸಾಕ್ಷಿ.

ಸಾಲಾರ್ ಜಂಗರು 1949ರ ಮಾರ್ಚ್ 2ರಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಸಂಗ್ರಹವು ಚೆಲ್ಲಾಪಿಲ್ಲಿಯಾಗದೆ, 1951ರ ಡಿಸೆಂಬರ್ 16ರಂದು ಅವರದೇ ದಿವಾನ್ ದೇವಡಿಯಲ್ಲಿ ಪ್ರಧಾನಿ ನೆಹರೂ ಅವರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಅದು ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಬಂತು. ನೇರ ವಾರಸುದಾರರಿಲ್ಲದ ಸೊತ್ತಿಗೆ ನಾಡೇ ವಾರಸುದಾರನಾಯಿತು.

ಗಡಿಗಳು ಬದಲಾದ ನಾಡಿನಲ್ಲಿ ಬಾಳುವ ನಮಗೆ ಇದರಲ್ಲಿ ಪಾಠವಿದೆ. ಅಜ್ಜನ ಗೋಡೆಗಡಿಯಾರ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಬಣ್ಣ ಬಳಿದು ಹೊಸದಾಗಿಸಲೂ ಬೇಡಿ. ಅದರ ಹಿಂದೆ ಹಿರಿಯರ ಹೆಸರನ್ನೂ ಕೊಂಡ ವರ್ಷವನ್ನೂ ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಇಡಿ. ಮೊಮ್ಮಕ್ಕಳಿಗೆ ಅದನ್ನು ಓದಲು ಬರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.